ಎರಡು ಶ್ಯಾವಿಗೆ ಬಿಲ್ಲೆ ಮತ್ತು ಕಣ್ಣಿನ ಪ್ರೆಷರ್

ನನ್ನ ಟೇಬಲ್ ಡ್ರಾಯರ್‌ನಲ್ಲಿ ಟಾರ್ಚಿನ ಪಕ್ಕ ಶ್ಯಾವಿಗೆ ಒರಳಿನ ಎರಡು ಬಿಲ್ಲೆಗಳಿವೆ. ಒಂದರ ಮೇಲೊಂದು ಇಟ್ಟು, ತೂತುಗಳಲ್ಲಿ ಬಿಳಿ ದಾರ ಪೋಣಿಸಿದ್ದೇನೆ. ಬಸವನಗುಡಿಯ ನಮ್ಮ ಕ್ಲಿನಿಕ್‌ಗೆ ಬರುವವರು ಅದನ್ನು ನೋಡಿ ನಗುತ್ತಾರೆ. "ಏನ್ ಮೇಡಂ, ಇಲ್ಲೂ ಅಡುಗೇನಾ?"

ನಾನು ಆಪ್ಟೋಮೆಟ್ರಿಸ್ಟ್. ಕಣ್ಣಿನ ಪ್ರೆಷರ್ ನೋಡುವುದು, ಫೀಲ್ಡ್ ಟೆಸ್ಟ್ (ಸುತ್ತಲಿನ ನೋಟ ಎಷ್ಟಿದೆ ಅನ್ನುವ ಪರೀಕ್ಷೆ) ಮಾಡಿ ಡಾಕ್ಟರ್ ಹತ್ತಿರ ಕಳಿಸುವುದು ನನ್ನ ಕೆಲಸ. ಗ್ಲಾಕೋಮಾ, ಅಂದರೆ ಹೆಚ್ಚಾಗಿ ಕಣ್ಣಿನ ಪ್ರೆಷರ್ ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆ. ಅದರ ಹೆಸರು ಹೇಳಿದ ಕೂಡಲೇ ಬಹಳ ಜನ "ನನ್ನ ಬಿಪಿ ನಾರ್ಮಲ್ ಇದೆಯಲ್ಲ" ಅನ್ನುತ್ತಾರೆ. ಬಿಪಿಯೇ ಬೇರೆ, ಇದೇ ಬೇರೆ. ಕಣ್ಣಿನೊಳಗೆ ನೀರಿನಂಥ ದ್ರವ ನಿಮಿಷಕ್ಕೆ ಸುಮಾರು 2 ಮೈಕ್ರೋಲೀಟರ್ ಹುಟ್ಟುತ್ತಲೇ ಇರುತ್ತದೆ. ಕರಿಗುಡ್ಡೆಯ ಅಂಚಿನ ಜಾಲರಿಯಿಂದ ಅದು ಹೊರಗೆ ಹೋಗಬೇಕು. ಜಾಲರಿಯಲ್ಲಿ ಸರಾಗವಾಗಿ ಹರಿಯದಿದ್ದರೆ ಒಳಗೆ ಒತ್ತಡ ಏರುತ್ತದೆ. ಜೋರು ಮಳೆಯಲ್ಲಿ ನಮ್ಮ ಮೋರಿಗಳ ಕಥೆ ಗೊತ್ತಲ್ವಾ, ಹಾಗೆ.

ಸರಿ, ತೊಂದರೆ ಇರುವುದು ಕಣ್ಣಿನ ಮುಂಭಾಗದಲ್ಲಿ. ಹಿಂದಿರುವ ನರ ಯಾಕೆ ಸಾಯಬೇಕು? ಬಿಲ್ಲೆ ಹೊರಗೆ ಬರುವುದು ಆಗಲೇ.

ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿ ಗ್ಯಾಂಗ್ಲಿಯಾನ್ ಅನ್ನುವ ಕೋಶಗಳಿವೆ. ಒಂದೊಂದರಿಂದ ಒಂದೊಂದು ಎಳೆ ಹೊರಡುತ್ತದೆ. ಹೀಗೆ ಸುಮಾರು 10 ಲಕ್ಷ ಎಳೆಗಳು ಸೇರಿ ಕಣ್ಣಿನ ನರವಾಗಿ ಮಿದುಳಿಗೆ ಹೋಗುತ್ತವೆ. ಅವು ಹೊರಬೀಳುವ ಜಾಗದಲ್ಲಿ ಕಣ್ಣಿನ ಗೋಡೆ ಗಟ್ಟಿಯಾಗಿಲ್ಲ, ಪದರ ಪದರವಾದ ಜರಡಿ. ಒತ್ತಡ ಎಲ್ಲ ಕಡೆಗೂ ಬೀಳುತ್ತದೆ, ಬಾಗುವುದು ಮಾತ್ರ ಈ ಮೆತ್ತನೆಯ ಜಾಗ. ಪದರಗಳು ಹಿಂದಕ್ಕೆ ಬಾಗುತ್ತಾ ಅತ್ತಿತ್ತ ಸರಿಯುತ್ತವೆ. ಇಷ್ಟು ಹೇಳಿ ಮೇಲಿನ ಬಿಲ್ಲೆಯನ್ನು ಒಂದು ಕೂದಲಿನಷ್ಟು ಜರುಗಿಸುತ್ತೇನೆ. ದಾರ ಎಳೆಯಲು ಹೇಳುತ್ತೇನೆ. ಬರುವುದಿಲ್ಲ. ಸಿಕ್ಕಿಕೊಂಡಿದೆ.

ಕಣ್ಣಿನಲ್ಲಿ ಆಗುವುದೂ ಹೀಗೇ. ಎಳೆಯೊಳಗೆ ಎರಡೂ ದಿಕ್ಕಿಗೆ ಸಾಗಾಟ ನಡೆಯುತ್ತಿರುತ್ತದೆ. ಕೋಶವನ್ನು ಬದುಕಿಸುವ ಪ್ರೋಟೀನು ಮಿದುಳಿನ ಕಡೆಯಿಂದ ವಾಪಸ್ ಬರಬೇಕು. ಅದು ಜರಡಿಯಲ್ಲಿ ತಡೆಯುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳಿಗೂ ಒತ್ತಡ ಬೀಳುತ್ತದೆ. ಕೊನೆಗೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಅದು ಮತ್ತೆ ಹುಟ್ಟುವುದಿಲ್ಲ.

ಇಷ್ಟೆಲ್ಲ ಓದಿಕೊಂಡಿದ್ದೂ ನಾನು ಒಮ್ಮೆ ಎಡವಿದ್ದೇನೆ. ಬೇರೊಂದು ಕಡೆ ಕೆಲಸಕ್ಕಿದ್ದ ದಿನಗಳು. ರಿಟೈರಾಗಿದ್ದ ಬಸ್ ಕಂಡಕ್ಟರ್ ಒಬ್ಬರು ಕನ್ನಡಕಕ್ಕೆ ಬಂದಿದ್ದರು. ಪ್ರೆಷರ್ 17. ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕು ಅಂತ ಪಾಠ. ಟಿಕ್ ಹಾಕಿ ನಂಬರ್ ಬರೆದು ಕಳಿಸಿಬಿಟ್ಟೆ. ಡಾಕ್ಟರಿಗೆ ತೋರಿಸಿ ಅಂತಲೂ ಹೇಳಲಿಲ್ಲ.

ಎರಡು ವರ್ಷದ ಮೇಲೆ ಮತ್ತೆ ಬಂದರು. "ಮೆಟ್ಟಿಲು ಇಳಿಯುವಾಗ ಎಡವುತ್ತೀನಮ್ಮ, ಕನ್ನಡಕ ಸರಿ ಇಲ್ಲ." ಬೋರ್ಡಿನ ಕೊನೆಯ ಸಾಲನ್ನು ಸಲೀಸಾಗಿ ಓದಿದರು. ಪ್ರೆಷರ್ ಆಗಲೂ 18. ಈ ಸಲ ಡಾಕ್ಟರ್ ನರ ನೋಡಿದರು. ನಡುವಿನ ಗುಳಿ ಅಗಲವಾಗಿ ಮೇಲಂಚು ಸವೆದೇ ಹೋಗಿತ್ತು. ಮೇಲಿನ ಎಳೆಗಳು ಹೋದರೆ ಕೆಳಗಿನ ನೋಟ ಹೋಗುತ್ತದೆ. ಮೆಟ್ಟಿಲು ಇರುವುದು ಅಲ್ಲೇ ತಾನೆ? ಆಮೇಲೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ದಪ್ಪ ಅಳೆದೆ. 478 ಮೈಕ್ರಾನ್. ಸಾಮಾನ್ಯವಾಗಿ 540ರ ಆಸುಪಾಸು ಇರುತ್ತದೆ. ಕಾರ್ನಿಯಾ ತೆಳ್ಳಗಿದ್ದರೆ ಮಿಷನ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಇನ್ನು ಕೆಲವರ ನರ ನಿಜವಾದ 17ಕ್ಕೂ ಹಾಳಾಗುತ್ತದೆ. 21 ಅನ್ನುವುದು ಲಕ್ಷ್ಮಣರೇಖೆಯೇನಲ್ಲ.

ಅವತ್ತಿನಿಂದ ಫೈಲಿನಲ್ಲಿ ಬರೀ ನಂಬರ್ ಬರೆಯುವುದಿಲ್ಲ. ಅಳತೆ ಮಾಡಿದ ಹೊತ್ತು, ಕಾರ್ನಿಯಾದ ದಪ್ಪ, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆಯಾ, ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಕೊಂಡಿದ್ದಾರಾ, ಎಲ್ಲ ಇರಬೇಕು. ಅಂಗಡಿಯಿಂದ ತಂದ ಸ್ಟೀರಾಯ್ಡ್ ಡ್ರಾಪ್ಸ್ ಅನ್ನು ಅಲರ್ಜಿಗೆಂದು ತಿಂಗಳುಗಟ್ಟಲೆ ಸುಮ್ನೆ ಹಾಕಿಕೊಳ್ಳುವವರು ಜಾಸ್ತಿ. ಅದೂ ಪ್ರೆಷರ್ ಏರಿಸುತ್ತದೆ. ಯೋಗದ ಬಗ್ಗೆಯೂ ಕೇಳುತ್ತೇನೆ. ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. "ಬೇರೆ ಆಸನ ಮಾಡಿ ಸರ್, ಇದೊಂದು ಬಿಡಿ" ಅಂದರೆ ಕೆಲವರಿಗೆ ನನ್ನ ಮೇಲೆ ಸಿಟ್ಟು.

ಗ್ಲಾಕೋಮಾಗೆ ಪ್ರೆಷರ್ ಇಳಿಸಲು ಕೊಡುವ ಡ್ರಾಪ್ಸ್ ಹಾಕುವುದನ್ನು ನನ್ನ ಎದುರೇ ಮಾಡಿಸುತ್ತೇನೆ. ಅರ್ಧ ಹನಿ ಕೆನ್ನೆಗೆ ಹೋಗಿರುತ್ತದೆ. ಕೆಳರೆಪ್ಪೆ ಎಳೆದು ಒಂದೇ ಹನಿ, ಕಣ್ಣು ಮುಚ್ಚಿ ಮೂಗಿನ ಕಡೆಯ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಔಷಧಿ ಮೂಗಿಗೆ ಇಳಿದು ರಕ್ತ ಸೇರುತ್ತದೆ. ಟಿಮೋಲಾಲ್ ಅನ್ನುವ ಡ್ರಾಪ್ಸ್ ಆದರೆ ಅಸ್ತಮಾ ಇರುವವರಿಗೆ ಅದೇ ಅಪಾಯ.

ಕಂಡಕ್ಟರ್ ಈಗ ನಮ್ಮ ಕ್ಲಿನಿಕ್‌ಗೇ ಬರುತ್ತಾರೆ. ನನ್ನ ತಪ್ಪನ್ನು ಅವರ ಮುಂದೆಯೇ ಒಪ್ಪಿಕೊಂಡಿದ್ದೇನೆ. "ಚಿಲ್ಲರೆ ತಪ್ಪು ಕೊಟ್ಟರೆ ವಾಪಸ್ ಕೇಳಬಹುದಿತ್ತಮ್ಮ" ಅಂದರು, ಅಷ್ಟೇ. ಪ್ರೆಷರ್ 11ಕ್ಕೆ ಇಳಿದಿದೆ. ಕಳೆದ ಮೂರು ಫೀಲ್ಡ್ ಟೆಸ್ಟ್‌ಗಳಲ್ಲಿ ನೋಟ ಹೋದ ಜಾಗದ ಕಪ್ಪು ಕಲೆ ಇದ್ದಷ್ಟೇ ಇದೆ. ಮೆಟ್ಟಿಲು ಮಾತ್ರ ಹೆಂಡತಿಯ ಭುಜ ಹಿಡಿದೇ ಇಳಿಯುತ್ತಾರೆ.