ಲ್ಯಾಕೇಸೋ, ಪೆರಾಕ್ಸಿಡೇಸೋ? ಕಾಂಡದ ಸೆಕ್ಷನ್‌ನಲ್ಲೇ ಪತ್ತೆ ಹಚ್ಚುವ ಬಗೆ

ಕಾಂಡವನ್ನು ಗಟ್ಟಿಗೊಳಿಸುವ ವಸ್ತು ಲಿಗ್ನಿನ್; ಅದರ ಬಿಡಿ ಘಟಕಗಳು ಮೊನೊಲಿಗ್ನಾಲ್‌ಗಳು. ಫೀನೈಲ್‌ಅಲನೈನ್ ಎಂಬ ಅಮೈನೋ ಆಮ್ಲದಿಂದ ಮೊನೊಲಿಗ್ನಾಲ್ ತಯಾರಾಗುವ ಕೆಲಸವೆಲ್ಲ ಜೀವಕೋಶದ ಒಳಗೆ ನಡೆಯುತ್ತದೆ. ಅವನ್ನು ಪೋಣಿಸಿ ಲಿಗ್ನಿನ್ ಮಾಡುವುದು ಮಾತ್ರ ಕೋಶಭಿತ್ತಿಯಲ್ಲಿ. ಅಲ್ಲಿ ದುಡಿಯುವ ಕಿಣ್ವಗಳು ಎರಡು ಬಗೆ: ಲ್ಯಾಕೇಸ್‌ಗೆ ಆಮ್ಲಜನಕ ಸಾಕು, ಪೆರಾಕ್ಸಿಡೇಸ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಬೇಕೇ ಬೇಕು. ಈ ಪರೀಕ್ಷೆ ನಿಂತಿರುವುದೇ ಆ ವ್ಯತ್ಯಾಸದ ಮೇಲೆ.

ತುದಿಯ ಎಳೆಗೆಣ್ಣೂ ಬೇಡ, ಬುಡದ ಬಲಿತ ಭಾಗವೂ ಬೇಡ; ಗಟ್ಟಿಯಾಗುತ್ತಿರುವ ನಡುಭಾಗ ಆರಿಸಿ. ಹೊಸ ಬ್ಲೇಡ್‌ನಿಂದ 50ರಿಂದ 100 ಮೈಕ್ರೋಮೀಟರ್ ದಪ್ಪದ ಸೆಕ್ಷನ್ (ತೆಳು ಬಿಲ್ಲೆ) ತೆಗೆದು ತಣ್ಣನೆಯ ಫಾಸ್ಫೇಟ್ ಬಫರ್‌ಗೆ (50 ಮಿಲಿಮೋಲಾರ್, ಪಿಎಚ್ 6.0) ಹಾಕಿ. ಫಾರ್ಮಾಲಿನ್ ಅಥವಾ ಆಲ್ಕೋಹಾಲ್‌ನಲ್ಲಿಟ್ಟ ಕಾಂಡ ಬೇಡ, ಕಿಣ್ವ ಸತ್ತಿರುತ್ತದೆ. ಐದೈದು ನಿಮಿಷ ಮೂರು ಸಲ ತೊಳೆಯಿರಿ. ಈ ತೊಳೆತವನ್ನು ಕಡೆಗಣಿಸಿದರೆ ಕತ್ತರಿಸಿದ ಕೋಶಗಳಿಂದ ಸೋರಿದ ಪೆರಾಕ್ಸಿಡೇಸ್ ಎಲ್ಲೆಡೆ ಹರಡಿ ಸೆಕ್ಷನ್ ಪೂರ್ತಿ ಗುಲಾಬಿಯಾಗುತ್ತದೆ.

ಈ ಎರಡೂ ಕಿಣ್ವಗಳು ಸಿರಿಂಜಾಲ್ಡಜೀನ್ ಎಂಬ ವಸ್ತುವನ್ನು ನೇರಳೆಗುಲಾಬಿ ಬಣ್ಣಕ್ಕೆ ತಿರುಗಿಸುತ್ತವೆ. ಅದರ 1.8 ಮಿಲಿಗ್ರಾಂ ಅನ್ನು 1 ಮಿಲಿಲೀಟರ್ ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿದರೆ 5 ಮಿಲಿಮೋಲಾರ್ ದ್ರಾವಣ. 1 ಮಿಲಿಲೀಟರ್ ಬಫರ್‌ಗೆ ಇದರ 10 ಮೈಕ್ರೋಲೀಟರ್ ಸಾಕು. ನೀರಿನಲ್ಲಿ ಇದು ಸುಲಭವಾಗಿ ಕರಗದು. ಹಳದಿ ಕಣಗಳು ಕಂಡರೆ ಆ ಬಫರ್ ಚೆಲ್ಲಿ ಹೊಸದಾಗಿ ಬೆರೆಸಿ.

ಈಗ ನಾಲ್ಕು ಗುಣಿಗಳು (ವೆಲ್‌ಗಳು), ಪ್ರತಿಯೊಂದರಲ್ಲೂ ಸೆಕ್ಷನ್ ಮತ್ತು 1 ಮಿಲಿಲೀಟರ್ ಬಫರ್. ಮೊದಲನೆಯದರಲ್ಲಿ ಸಿರಿಂಜಾಲ್ಡಜೀನ್ ಮಾತ್ರ. ಎರಡನೆಯದರಲ್ಲಿ ಅದರ ಜೊತೆ ಪೆರಾಕ್ಸೈಡನ್ನು ಒಡೆದುಹಾಕುವ ಕ್ಯಾಟಲೇಸ್ ಕಿಣ್ವ, ಮಿಲಿಲೀಟರ್‌ಗೆ ಸುಮಾರು 500 ಯೂನಿಟ್. ಮೂರನೆಯದಕ್ಕೆ ಸಿರಿಂಜಾಲ್ಡಜೀನ್ ಜೊತೆ 1 ಮಿಲಿಮೋಲಾರ್ ಪೆರಾಕ್ಸೈಡ್: ಶೇ. 30ರ ಬಾಟಲಿಯಿಂದ 100 ಮೈಕ್ರೋಲೀಟರ್ ತೆಗೆದು ನೀರು ಸೇರಿಸಿ 10 ಮಿಲಿಲೀಟರ್ ಮಾಡಿ, ಅದರ 10 ಮೈಕ್ರೋಲೀಟರ್ ಹಾಕಿ. ಜಾಸ್ತಿ ಸುರಿದರೆ ಬಣ್ಣ ಹೆಚ್ಚುವುದಿಲ್ಲ, ಪೆರಾಕ್ಸಿಡೇಸೇ ಕೆಡುತ್ತದೆ. ನಾಲ್ಕನೆಯದು ಮೂರನೆಯದರಂತೆಯೇ, ಆದರೆ ಹತ್ತು ನಿಮಿಷ ಕುದಿಸಿದ ಸೆಕ್ಷನ್. ಕುದಿಸಿ ಇಟ್ಟುಬಿಟ್ಟರೆ ಕೆಲವು ಪೆರಾಕ್ಸಿಡೇಸ್‌ಗಳು ಮತ್ತೆ ಚೇತರಿಸಿಕೊಳ್ಳುತ್ತವೆ, ಹಾಗಾಗಿ ಕೂಡಲೇ ಬಳಸಿ.

ಕ್ಯಾಟಲೇಸ್ ಇದ್ದರೂ ಬಂದ ನೇರಳೆಗುಲಾಬಿ ಬಣ್ಣ ಲ್ಯಾಕೇಸ್‌ನದು. ಒಂದನೆಯ ಗುಣಿಯಲ್ಲಿ ಬಂದು ಎರಡನೆಯದರಲ್ಲಿ ಬಾರದಿದ್ದರೆ, ಗಿಡದೊಳಗಿದ್ದ ಪೆರಾಕ್ಸೈಡ್ ಬಳಸಿ ಪೆರಾಕ್ಸಿಡೇಸ್ ಕೆಲಸ ಮಾಡಿದೆ ಎಂದೇ ಅರ್ಥ. ಕ್ಯಾಟಲೇಸ್ ಗುಣಿ ಇಡದೆ ‘ಲ್ಯಾಕೇಸ್ ಸಿಕ್ಕಿತು’ ಎಂದು ಬರೆಯಬೇಡಿ. ಕುದಿಸಿದ ಸೆಕ್ಷನ್ ಬಣ್ಣ ತಳೆದರೆ ಆ ದಿನದ ಫಲಿತಾಂಶವನ್ನೇ ಬಿಡಿ. ಬಣ್ಣ ಬೇಗ ಮಾಸುವುದರಿಂದ ಕಾಣಿಸಿದ ಕೂಡಲೇ ಫೋಟೊ ತೆಗೆಯಿರಿ. ಕ್ಯಾಂಬಿಯಂಗೆ (ಹೊಸ ಕೋಶ ಹುಟ್ಟುವ ಪದರ) ಹತ್ತಿರದ, ಇನ್ನೂ ಬೆಳೆಯುತ್ತಿರುವ ಕ್ಸೈಲಂ ನಾಳಗಳ ಗೋಡೆಯನ್ನು ಮೊದಲು ನೋಡಿ.

ಪಕ್ಕದ ಸೆಕ್ಷನ್‌ಗೆ ಲಿಗ್ನಿನ್ ಬಣ್ಣ ಹಾಕಿ: ಆಲ್ಕೋಹಾಲ್‌ನಲ್ಲಿ ಶೇ. 3ರ ಫ್ಲೋರೋಗ್ಲುಸಿನಾಲ್ ಎರಡು ಪಾಲು, ಗಾಢ ಹೈಡ್ರೋಕ್ಲೋರಿಕ್ ಆಮ್ಲ ಒಂದು ಪಾಲು. ಕವರ್‌ಸ್ಲಿಪ್ ಮುಚ್ಚದಿದ್ದರೆ ಆಮ್ಲದ ಆವಿ ಲೆನ್ಸ್ ತಿನ್ನುತ್ತದೆ. ಈ ಕೆಂಪು ಬರುವುದು ಮುಖ್ಯವಾಗಿ ಲಿಗ್ನಿನ್‌ನಲ್ಲಿರುವ ಸಿನ್ನಮಾಲ್ಡಿಹೈಡ್ ಗುಂಪುಗಳಿಂದ. ಆದ್ದರಿಂದ ಈ ಆಲ್ಡಿಹೈಡ್‌ಗಳನ್ನು ಮೊನೊಲಿಗ್ನಾಲ್ ಆಗಿಸುವ ಸಿಎಡಿ ಕಿಣ್ವ ಕುಂದಿದ ಗಿಡದಲ್ಲಿ ಲಿಗ್ನಿನ್ ಕಡಿಮೆಯಿದ್ದರೂ ಕೆಂಪು ಗಾಢವಾಗಿಯೇ ಕಾಣಬಹುದು.