ಸ್ನಾಯುವಿಗಿಂತ ಮೊದಲು ಮೂಳೆ

ಬ್ಲೆಂಡರ್ ಅಥವಾ ಝೀಬ್ರಷ್‌ನಂಥ 3ಡಿ ತಂತ್ರಾಂಶದಲ್ಲಿ ಮನುಷ್ಯಾಕೃತಿ ಮಾಡುವ ಹುಬ್ಬಳ್ಳಿ-ಧಾರವಾಡದ ಗೆಳೆಯರಿಗೆ ಒಂದು ಸಲಹೆ. ಸ್ನಾಯುಗಳ ಹೆಸರು ಬಾಯಿಪಾಠ ಮಾಡುವ ಮೊದಲು ಚರ್ಮದಡಿಯಲ್ಲೇ ಕೈಗೆ ಸಿಗುವ ಮೂಳೆಗಳನ್ನು ಗುರುತಿಸಿ: ಕೊರಳೆಲುಬು, ಮೊಣಕೈ ತುದಿ, ಮೊಣಕಾಲ ಚಿಪ್ಪು. ಅಳತೆಗೆ ಇವೇ ಆಧಾರ.

ಮುಂಗೈಯನ್ನೇ ನೋಡಿ. ಅಂಗೈ ಮೇಲ್ಮುಖವಾಗಿದ್ದಾಗ ಅಲ್ನಾ, ರೇಡಿಯಸ್ ಎಂಬ ಎರಡು ಮೂಳೆಗಳು ಪಕ್ಕಪಕ್ಕದಲ್ಲಿರುತ್ತವೆ. ಅಂಗೈಯನ್ನು ಕೆಳಮುಖ ಮಾಡಿದರೆ ಹೆಬ್ಬೆರಳ ಕಡೆಯ ರೇಡಿಯಸ್ ಅಲ್ನಾದ ಮೇಲೆ ಅಡ್ಡ ಹಾಯುತ್ತದೆ, ಇಡೀ ಮುಂಗೈಯ ಆಕಾರವೇ ಬದಲಾಗುತ್ತದೆ. ಬರೀ ಮಣಿಕಟ್ಟನ್ನು ತಿರುಗಿಸಿದ ಮಾದರಿ ಹಿಂಡಿದ ಬಟ್ಟೆಯಂತೆ ಕಾಣುವುದು ಇದಕ್ಕೇ. ಮೊಣಕೈ ತುದಿಯಿಂದ ಕಿರುಬೆರಳ ಕಡೆಯ ಮಣಿಕಟ್ಟಿನವರೆಗೆ ಬೆರಳಾಡಿಸಿ. ಅಲ್ನಾದ ಅಂಚು ಉದ್ದಕ್ಕೂ ಸಿಗುತ್ತದೆ. ಆ ಗೆರೆಯನ್ನು ಮೊದಲು ಕೆತ್ತಿ, ಸ್ನಾಯು ಆಮೇಲೆ.

ಲಕ್ಕುಂಡಿಯ ಶಿಲ್ಪಗಳಿಂದ ಭಂಗಿಯನ್ನು, ಒಂದು ಕಾಲಿನ ಮೇಲೆ ತೂಕ ಬಿದ್ದಾಗ ಸೊಂಟ ವಾಲುವ ಬಗೆಯನ್ನು ಧಾರಾಳವಾಗಿ ಕಲಿಯಬಹುದು. ಸ್ನಾಯುಗಳಿಗೆ ಮಾತ್ರ ನಮ್ಮ ಗರಡಿಮನೆಗಳೇ ಸರಿ. ಪೈಲ್ವಾನರ ಒಪ್ಪಿಗೆ ಪಡೆದು, ಅವರು ದಂಡ ಹೊಡೆಯುವಾಗ ಭುಜದ ಹಲಗೆ ಬೆನ್ನಿನ ಮೇಲೆ ಹೇಗೆ ಜಾರುತ್ತದೆಂದು ಹಿಂದಿನಿಂದಲೂ ಪಕ್ಕದಿಂದಲೂ ಸ್ಕೆಚ್ ಮಾಡಿಕೊಳ್ಳಿ.