ಅಂಬಲಿ ಕಲಸಿದ ಹಾಗೆ ಕಾಫಿ ಶೇಕ್

ಬೆಳಿಗ್ಗೆ ಎಂಟಕ್ಕೆ ಧಾರವಾಡದ ಜ್ಯುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿದರೆ ಮಾತ್ರ ಹುಬ್ಬಳ್ಳಿಯ ಆಫೀಸಿಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತೇನೆ. ಅಷ್ಟರೊಳಗೆ ಕೂತು ನಾಷ್ಟಾ ಮಾಡುವುದು ನನ್ನಿಂದ ಆಗದ ಮಾತು. ಅದಕ್ಕೇ ಊಟದ ಬದಲು ಕುಡಿಯುವ ಶೇಕ್ ಪುಡಿಯ ಡಬ್ಬಿ ತಂದೆ. ವೆನಿಲಾ. ಮೂರೇ ದಿನಕ್ಕೆ ಬೇಸರ ಬಂತು. ಸಿಹಿ ಜಾಸ್ತಿ, ಮೇಲಾಗಿ ಕುಡಿದ ಮೇಲೂ ಚಹಾ ಬೇಕೇ ಬೇಕು. ಚಹಾವನ್ನೇ ಅದರಲ್ಲಿ ಬೆರೆಸಿ ನೋಡಿದೆ. ಬಾಯಿಗೆ ಇಡಲಾಗಲಿಲ್ಲ. ಉಳಿದದ್ದು ಕಾಫಿ.

ಮೊದಲ ದಿನ ಕುದಿಯುವ ಕಾಫಿಗೆ ಸೀದಾ ಎರಡು ಸ್ಕೂಪ್ ಪುಡಿ ಸುರಿದು, ಶೇಕರ್ ಮುಚ್ಚಳ ಬಿಗಿದು ಅಲ್ಲಾಡಿಸಿದೆ. ಟಪ್ ಅಂತ ಮುಚ್ಚಳ ಹಾರಿತು. ಬಿಸಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ಹಬೆಯೂ ಸೇರುತ್ತದೆ, ಅಲ್ವಾ? ಅದು ಆಮೇಲೆ ಹೊಳೆಯಿತು. ಇಸ್ತ್ರಿ ಮಾಡಿದ ಅಂಗಿ ಕಂದು ಬಣ್ಣಕ್ಕೆ ತಿರುಗಿತ್ತು. ಬಾಟಲಿಯಲ್ಲಿ ಉಳಿದದ್ದು ಬರೀ ಗಂಟು. ಪುಡಿಯಲ್ಲಿರುವ ವೇ ಪ್ರೋಟೀನ್, ಅಂದರೆ ಒಡೆದ ಹಾಲಿನ ತಿಳಿನೀರಿನಲ್ಲಿರುವ ಪ್ರೋಟೀನ್, 70 ಡಿಗ್ರಿಯ ಆಸುಪಾಸಿನಲ್ಲಿ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗತೊಡಗುತ್ತದೆ. ಕಾಫಿಯಲ್ಲಿ ಸ್ವಲ್ಪ ಹುಳಿಯೂ ಇರುತ್ತದೆ, ಅದೂ ಒಡೆಯಲು ಸಹಾಯ ಮಾಡುತ್ತದೆ.

ಅವ್ವ ಗೋಡೆ ಒರೆಸುತ್ತಾ ಅಂದಳು: "ಯಾರರ ಹಿಟ್ಟು ಸೀದಾ ಕುದಿಯೋ ನೀರಿಗೆ ಹಾಕ್ತಾರೇನೋ? ಅಂಬಲಿ ಮಾಡೂದು ನೋಡಿಲ್ಲೇನು? ಮೊದಲ ತಣ್ಣೀರಾಗ ಕಲಸ್ಕೋಬೇಕು."

ಜೋಳದ ಹಿಟ್ಟಿನ ಬುದ್ಧಿ ಈ ಪುಡಿಗೂ ನಡೆಯಿತು. ಈಗ ಮಾಡುವುದು ಹೀಗೆ. ಶೇಕರ್‌ಗೆ ಮೊದಲು 200 ಮಿಲಿ ತಣ್ಣನೆಯ ಹಾಲು, ಆಮೇಲೆ ಪುಡಿ. ಪುಡಿ ಮೊದಲು ಹಾಕಿದರೆ ತಳದ ಮೂಲೆಯಲ್ಲಿ ಅಂಟಿ ಕೂರುತ್ತದೆ. ಅರ್ಧ ನಿಮಿಷ ಅಲ್ಲಾಡಿಸಿ, ಮುಚ್ಚಳ ತೆಗೆದು, ಆರಿದ ಕಾಫಿಯನ್ನು ಸಣ್ಣಗೆ ಸುರಿಯುತ್ತೇನೆ. ಬಾಟಲಿ ಹೊರಗಿನಿಂದ ಮುಟ್ಟಿದರೆ ಬೆಚ್ಚಗೂ ಇರಬಾರದು. ಆಮೇಲಷ್ಟೇ ಮತ್ತೆ ಮುಚ್ಚಳ.

ಇನ್‌ಸ್ಟಂಟ್ ಪುಡಿಯಾದರೆ ಒಂದು ಟೀ ಚಮಚವನ್ನು ಎರಡು ಚಮಚ ಬಿಸಿ ನೀರಿನಲ್ಲಿ ಕರಗಿಸಿ ಆರಲು ಬಿಡುತ್ತೇನೆ. ಆದರೆ ನನಗೆ ಹಿಡಿಸಿದ್ದು ಫಿಲ್ಟರ್ ಡಿಕಾಕ್ಷನ್. ರಾತ್ರಿ ಇಳಿಸಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ 50 ಮಿಲಿ ಸಾಕು. ಚಿಕೋರಿ ಬೆರೆತ ಪುಡಿಯ ಡಿಕಾಕ್ಷನ್‌ನ ಕಹಿ ಆ ಅತಿ ಸಿಹಿಯನ್ನು ಚೆನ್ನಾಗಿ ತಗ್ಗಿಸುತ್ತದೆ. ಚಾಕೊಲೇಟ್ ಪುಡಿಗೂ ಹೊಂದುತ್ತದೆ. ಮಾವಿನಹಣ್ಣಿನ ಫ್ಲೇವರ್‌ಗೆ ಮಾತ್ರ ಹಾಕಬೇಡಿ, ನಾನು ಹಾಕಿ ಸಿಂಕಿಗೆ ಚೆಲ್ಲಿದ್ದೇನೆ.

ಒಂದು ವಿಷಯ ತಡವಾಗಿ ತಿಳಿಯಿತು. ಈ ಪುಡಿಗಳಲ್ಲಿ ಸಾಮಾನ್ಯವಾಗಿ ಕಬ್ಬಿಣದ ಅಂಶ ಸೇರಿಸಿರುತ್ತಾರೆ. ಜೊತೆಗೇ ಕಾಫಿ ಕುಡಿದರೆ ಅದು ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ನನಗೆ ರಕ್ತ ಕಡಿಮೆ ಇಲ್ಲ, ಆದರೂ ವಾರಕ್ಕೆ ಮೂರು ದಿನ ಮಾತ್ರ ಕಾಫಿ ಹಾಕುತ್ತೇನೆ. ಸಂಜೆಯ ಶೇಕ್‌ಗಂತೂ ಇಲ್ಲ. ಒಮ್ಮೆ ಆರಕ್ಕೆ ಕುಡಿದು ರಾತ್ರಿ ಒಂದರವರೆಗೂ ಸುಮ್ನೆ ಫ್ಯಾನ್ ನೋಡುತ್ತಾ ಮಲಗಿದ್ದೆ.

ಕುಡಿದ ಕೂಡಲೇ ಶೇಕರ್ ತೊಳೆಯಿರಿ. ತೊಳೆಯದೆ ಬ್ಯಾಗಿನಲ್ಲಿಟ್ಟು, ಸಂಜೆ ಎಸಿ ಬಸ್ಸಿನಲ್ಲಿ ಮುಚ್ಚಳ ತೆಗೆದಿದ್ದೆ. ಉಣಕಲ್ ಬರುವಷ್ಟರಲ್ಲಿ ಪಕ್ಕದ ಸೀಟು ಖಾಲಿಯಾಗಿತ್ತು.